ಬುತ್ತಿಯೋ, ಛತ್ರವೋ?

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನನ್ನ ಮೇಜಿನ ಮೇಲಿದ್ದ ಕಂಪ್ಯೂಟರಿಗೆ ಇದ್ದಕ್ಕಿದ್ದಂತೆ ಒಂದು ವಿಚಿತ್ರ ರೋಗ ಹಿಡಿಯಿತು. ಬರವಣಿಗೆಯ ಪ್ರೋಗ್ರಾಮಿನಲ್ಲಿ ‘ಪುಸ್ತಕ’ ಎಂದು ಬರೆದರೆ ಪುಸ್ತಕವಾಗಿಯೇ ಕಾಣುತ್ತಿತ್ತು. ಅದೇ ಸಾಲನ್ನು ಎತ್ತಿ ಪತ್ರ ಕಳುಹಿಸುವ ಪ್ರೋಗ್ರಾಮಿಗೆ ಹಾಕಿದರೆ ಒತ್ತಕ್ಷರ ಕಳಚಿಕೊಂಡು ‘ಪುಸ್‌ತಕ’ವಾಗುತ್ತಿತ್ತು. ಯಂತ್ರ ಒಂದೇ, ಅಕ್ಷರದ ಅಚ್ಚು ಒಂದೇ, ಬರೆದ ಕೈಯೂ ಒಂದೇ. ನಡುಮನೆಯಲ್ಲಿ ನೆಟ್ಟಗಿದ್ದ ತಕಾರ ಅಡಿಗೆಮನೆಗೆ ಕಾಲಿಟ್ಟೊಡನೆ ಬಿದ್ದುಹೋಗುವುದೆಂದರೇನು?

ನನ್ನ ಅಕ್ಕನ ಮಗ ಇಂಥ ಯಂತ್ರಗಳ ನಡುವೆಯೇ ಅನ್ನ ಸಂಪಾದಿಸುವವನು. ಹಬ್ಬಕ್ಕೆ ಬಂದಿದ್ದಾಗ ಅವನಿಗೆ ತೋರಿಸಿದೆ. ಎರಡು ನಿಮಿಷ ಏನೇನೋ ಕೆದಕಿ ನೋಡಿ, “ಮಾವ, ಒತ್ತು ಕೂಡಿಸೋ ಕೆಲಸ ಈ ಪ್ರೋಗ್ರಾಮುಗಳು ತಾವೇ ಮಾಡೋದಿಲ್ಲ. ಅದಕ್ಕೇ ಅಂತ ಬೇರೆ ಒಂದು ಫೈಲಿದೆ. ಒಂದು ಪ್ರೋಗ್ರಾಮು ಎಲ್ಲರಿಗೂ ಅಂತ ಇಟ್ಟಿರೋ ಫೈಲನ್ನ ಕೇಳುತ್ತೆ. ಇನ್ನೊಂದು ತನ್ನದೇ ಹಳೇ ಪ್ರತಿ ಕಟ್ಟಿಕೊಂಡು ಬಂದಿದೆ. ಆ ಹಳೇದಕ್ಕೆ ಕನ್ನಡ ಬರೋದಿಲ್ಲ” ಎಂದ.

“ಹಾಗಾದರೆ ಆ ಹಳೆಯದನ್ನು ಕಿತ್ತುಹಾಕು.”

“ಕಿತ್ತರೆ ಆ ಪ್ರೋಗ್ರಾಮು ಏಳೋದೇ ಇಲ್ಲ ಮಾವ.”

ಹೋಳಿಗೆ ತಿಂದು ಅವನು ಊರಿಗೆ ಹೋದ. ನನಗೆ ಮಾತ್ರ ಅವನ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹತ್ತು ಜನಕ್ಕೆ ಬೇಕಾದ ಒಂದು ಕೆಲಸವನ್ನು ಒಂದೆಡೆ ಇಟ್ಟು ಎಲ್ಲರೂ ಅಲ್ಲಿಗೇ ಹೋಗಿ ಮಾಡಿಸಿಕೊಳ್ಳಬೇಕೆ, ಅಥವಾ ಪ್ರತಿಯೊಬ್ಬನೂ ಅದರ ಪ್ರತಿಯೊಂದನ್ನು ತನ್ನ ಗಂಟಿನಲ್ಲಿ ಕಟ್ಟಿಕೊಂಡು ಹೊರಡಬೇಕೆ? ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಮೇಲೆ ತಿಳಿದದ್ದು, ಈ ಜಗಳಕ್ಕೆ ಕಂಪ್ಯೂಟರಿನಷ್ಟೇ ವಯಸ್ಸಾಗಿದೆ, ಇನ್ನೂ ಮುಗಿದಿಲ್ಲ.

ಬಲ್ಲವರು ಇದನ್ನು ಸ್ಟ್ಯಾಟಿಕ್ ಲಿಂಕಿಂಗ್, ಡೈನಾಮಿಕ್ ಲಿಂಕಿಂಗ್ ಎಂದು ಕರೆಯುತ್ತಾರೆ. ಮೊದಲೇ ಜೋಡಿಸಿಡುವುದು ಒಂದು, ಓಡುವ ಹೊತ್ತಿನಲ್ಲಿ ಜೋಡಿಸಿಕೊಳ್ಳುವುದು ಇನ್ನೊಂದು. ನನಗೆ ಸುಲಭವಾಗಲೆಂದು ನಾನು ಬೇರೆ ಹೆಸರಿಟ್ಟುಕೊಂಡಿದ್ದೇನೆ. ನಮ್ಮ ಹಿರಿಯರು ಯಾತ್ರೆಗೆ ಹೊರಡುತ್ತಿದ್ದುದರಲ್ಲಿ ಎರಡು ಬಗೆ. ಕೆಲವರು ಅವಲಕ್ಕಿ, ಮೊಸರನ್ನ, ಚಟ್ನಿಪುಡಿ ಎಲ್ಲವನ್ನೂ ಗಂಟುಕಟ್ಟಿ ಹೆಗಲಿಗೇರಿಸುವರು. ಕೆಲವರು ದಾರಿಯ ಛತ್ರಗಳನ್ನು ನೆಚ್ಚಿ ಕೈಬೀಸಿಕೊಂಡು ನಡೆಯುವರು. ಬುತ್ತಿಯವನಿಗೆ ಹೊರೆ, ಛತ್ರದವನಿಗೆ ಅಡಿಗೆಯವನ ಹಂಗು. ಓದುಗರು ಈ ಎರಡು ಪದಗಳನ್ನು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಥೆ ಆರಂಭವಾಗುವುದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಅಲ್ಲಿನ ವಿಶ್ವವಿದ್ಯಾನಿಲಯದ ಗಣಿತ ಪ್ರಯೋಗಾಲಯದಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಅವರ ಸಂಗಡಿಗರು ಕಟ್ಟಿದ ‘ಎಡ್‌ಸ್ಯಾಕ್’ ಎಂಬ ಯಂತ್ರ ೧೯೪೯ರ ಮೇ ೬ರಂದು ತನ್ನ ಮೊದಲ ಲೆಕ್ಕವನ್ನು ಮಾಡಿ, ವರ್ಗಸಂಖ್ಯೆಗಳ ಪಟ್ಟಿಯೊಂದನ್ನು ಅಚ್ಚುಹಾಕಿತು. ಸುಮಾರು ೩೦೦೦ ವಾಲ್ವುಗಳ ಯಂತ್ರ. ಅದರ ನೆನಪು ಇದ್ದುದು ಪಾದರಸ ತುಂಬಿದ ಕೊಳವೆಗಳಲ್ಲಿ, ಸುತ್ತುತ್ತಲೇ ಇರುವ ಶಬ್ದದ ಅಲೆಗಳ ರೂಪದಲ್ಲಿ. ಮೊದಮೊದಲು ಆ ನೆನಪಿಗೆ ಹಿಡಿಸುತ್ತಿದ್ದುದು ೫೧೨ ಪದಗಳು ಮಾತ್ರ. ಇಂದು ಹುಡುಗರ ಜೇಬಿನಲ್ಲಿರುವ ಫೋನಿನ ನೆನಪು ಇದರ ಕೋಟಿಪಾಲಾದರೂ ಇರುತ್ತದೆ. ಇನ್ನೊಂದು ಸ್ವಾರಸ್ಯ: ಕೂಡುವುದು, ಕಳೆಯುವುದು, ಗುಣಿಸುವುದು ಎಡ್‌ಸ್ಯಾಕಿಗೆ ಬರುತ್ತಿತ್ತು, ಭಾಗಿಸುವುದು ಬರುತ್ತಿರಲಿಲ್ಲ. ಭಾಗಾಕಾರ ಬೇಕಾದರೆ ಅದನ್ನು ಗುಣಿಸಿ ಕಳೆದು ಸಾಧಿಸುವ ಒಂದು ಸಣ್ಣ ಲೆಕ್ಕದ ತುಂಡನ್ನು ಬರೆದು ಸೇರಿಸಬೇಕಾಗಿತ್ತು. ಅಂಥ ತುಂಡಿಗೆ ಸಬ್‌ರೂಟೀನು ಎಂದು ಹೆಸರು.

ಯಂತ್ರ ನಡೆಯತೊಡಗಿದ ಕೆಲವೇ ವಾರಗಳಲ್ಲಿ ವಿಲ್ಕ್ಸ್ ಅವರಿಗೆ ಒಂದು ಜ್ಞಾನೋದಯವಾಯಿತು. ತಾನು ಬರೆದ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲೇ ತನ್ನ ಉಳಿದ ಆಯುಸ್ಸಿನ ಬಹುಭಾಗ ಕಳೆದುಹೋಗಲಿದೆ ಎಂಬುದು ಮೆಟ್ಟಿಲು ಹತ್ತುವಾಗಲೊಮ್ಮೆ ಹೊಳೆಯಿತೆಂದು ಅವರು ಮುಂದೆ ಬರೆದುಕೊಂಡಿದ್ದಾರೆ. ಪ್ರೋಗ್ರಾಮು ಬರೆದ ಯಾರಿಗೆ ತಾನೆ ಇದು ಹೊಳೆದಿಲ್ಲ? ಆದರೆ ವಿಲ್ಕ್ಸ್ ಅವರು ಕೈಕಟ್ಟಿ ಕೂರಲಿಲ್ಲ. ಒಬ್ಬರು ಬರೆದು, ಹಲವರು ಬಳಸಿ, ತಪ್ಪಿಲ್ಲವೆಂದು ಖಚಿತವಾದ ತುಂಡುಗಳನ್ನು ಒಂದೆಡೆ ಕೂಡಿಡುವ ಏರ್ಪಾಟು ಮಾಡಿದರು. ಪ್ರತಿಯೊಂದು ಸಬ್‌ರೂಟೀನನ್ನೂ ಐದು ಸಾಲು ತೂತುಗಳ ಕಾಗದದ ಪಟ್ಟಿಯ ಮೇಲೆ ಕೊರೆದು, ಸುರುಳಿಸುತ್ತಿ, ಉಕ್ಕಿನ ಬೀರುವಿನ ಸಣ್ಣ ಸಣ್ಣ ಖಾನೆಗಳಲ್ಲಿಟ್ಟರು. ಅದನ್ನು ‘ಲೈಬ್ರರಿ’ ಎಂದು ಕರೆದರು. ತಂತ್ರಾಂಶದ ಲೋಕದಲ್ಲಿ ಇಂದಿಗೂ ನಡೆದುಬಂದಿರುವ ಆ ಮಾತಿನ ಹಿಂದೆ ಇರುವುದು ಆ ಬೀರು. ೧೯೫೧ರ ಹೊತ್ತಿಗೆ ಅದರಲ್ಲಿ ೮೭ ಸುರುಳಿಗಳಿದ್ದುವು: ಭಾಗಾಕಾರಕ್ಕೆ, ವರ್ಗಮೂಲಕ್ಕೆ, ಲಾಗರಿದಮ್ಮಿಗೆ, ತ್ರಿಕೋನಮಿತಿಗೆ, ಉತ್ತರವನ್ನು ಅಂದವಾಗಿ ಅಚ್ಚುಹಾಕುವುದಕ್ಕೆ.

ಬೇಕಾದವನು ಬೀರುವಿನಿಂದ ಸುರುಳಿ ತೆಗೆದುಕೊಂಡು, ಯಂತ್ರದ ಸಹಾಯದಿಂದ ಅದರ ತೂತುಗಳನ್ನು ತನ್ನ ಪಟ್ಟಿಯ ಮೇಲೆ ನಕಲು ಮಾಡಿಕೊಂಡು, ಮೂಲವನ್ನು ಹಿಂದಿರುಗಿಸಬೇಕು. ಕೈಯಲ್ಲಿ ನಕಲು ಮಾಡುವ ಹಾಗಿಲ್ಲ. ಇಲ್ಲೊಂದು ತೊಡಕಿತ್ತು. ಸಬ್‌ರೂಟೀನಿನ ಒಳಗೆ ‘ಇಂಥ ಸ್ಥಾನದಲ್ಲಿರುವ ಅಂಕಿಯನ್ನು ತೆಗೆದುಕೊ’ ಎಂಬಂಥ ಆಜ್ಞೆಗಳಿರುತ್ತವೆ. ಒಬ್ಬನ ಪ್ರೋಗ್ರಾಮಿನಲ್ಲಿ ಅದು ನೂರನೆಯ ಸ್ಥಾನದಲ್ಲಿ ಕೂತರೆ ಇನ್ನೊಬ್ಬನದರಲ್ಲಿ ಮುನ್ನೂರನೆಯದರಲ್ಲಿ ಕೂರುತ್ತದೆ. ಒಳಗಿನ ವಿಳಾಸಗಳೆಲ್ಲ ಬದಲಾಗಬೇಕು. ಇದನ್ನು ಬಿಡಿಸಿದವರು ಇಪ್ಪತ್ತೆರಡರ ಹರೆಯದ ಡೇವಿಡ್ ವೀಲರ್. ಪಟ್ಟಿಯನ್ನು ಓದಿಕೊಳ್ಳುವಾಗಲೇ ಪ್ರತಿ ವಿಳಾಸಕ್ಕೂ ತಕ್ಕ ಅಂಕಿಯನ್ನು ಕೂಡಿಸಿ ಸರಿಪಡಿಸುವಂತೆ ಅವರು ಯಂತ್ರಕ್ಕೆ ಆರಂಭದ ಆಜ್ಞೆಗಳನ್ನು ಬರೆದರು. ಆ ಕೆಲಸವನ್ನೆಲ್ಲ ಅವರು ಮುಗಿಸಿದ್ದು ಕೇವಲ ೪೧ ಆಜ್ಞೆಗಳಲ್ಲಿ! ಇಂದು ಇದೇ ಕೆಲಸಕ್ಕೆ ಸಾವಿರಾರು ಸಾಲುಗಳ ಪ್ರೋಗ್ರಾಮುಗಳಿವೆ. ವೀಲರ್ ಅವರ ೪೧ ಆಜ್ಞೆಗಳನ್ನು ನೆನೆದಾಗ ನನಗೆ ಹಳೆಯ ಕಾಲದ ಲೋಟದೊಳಗೆ ಮಡಿಸಿಟ್ಟ ರೇಷ್ಮೆ ಸೀರೆಯ ನೆನಪಾಗುತ್ತದೆ.

ಗಮನಿಸಬೇಕಾದುದೇನೆಂದರೆ, ಮೊದಲ ಲೈಬ್ರರಿ ಹುಟ್ಟಿದ್ದು ಜಾಗ ಉಳಿಸಲೆಂದಲ್ಲ, ತಪ್ಪು ತಪ್ಪಿಸಲೆಂದು. ಅಮೆರಿಕದಲ್ಲಿಯೂ ಹಾಗೆಯೇ. ಗ್ರೇಸ್ ಹಾಪರ್ ಮತ್ತು ಅವರ ಜೊತೆಗಾರರು ತಂತಮ್ಮ ನೋಟ್‌ಬುಕ್ಕುಗಳಲ್ಲಿ ಸಬ್‌ರೂಟೀನುಗಳನ್ನು ಬರೆದಿಟ್ಟುಕೊಂಡು ಒಬ್ಬರದನ್ನೊಬ್ಬರು ಕೇಳಿ ಪಡೆದು ನಕಲು ಮಾಡುತ್ತಿದ್ದರು. ಮನುಷ್ಯರಿಗೆ ಸರಿಯಾಗಿ ಕೂಡಲೂ ಬರುವುದಿಲ್ಲ, ನೋಡಿ ಬರೆಯಲೂ ಬರುವುದಿಲ್ಲ ಎಂದು ಆ ತಾಯಿಗೆ ಬೇಗ ಮನವರಿಕೆಯಾಯಿತು. ೧೯೫೨ರ ಹೊತ್ತಿಗೆ ಅವರು ಸಿದ್ಧಪಡಿಸಿದ ‘ಎ–ಝೀರೊ’ ಎಂಬ ಪ್ರೋಗ್ರಾಮು, ತುಂಡುಗಳ ಕ್ರಮಸಂಖ್ಯೆ ಕೊಟ್ಟರೆ ತಾನೇ ಅವನ್ನು ಹುಡುಕಿ ತಂದು ಜೋಡಿಸುತ್ತಿತ್ತು.

ಇಲ್ಲಿಯತನಕ ನಡೆದುದೆಲ್ಲ ಬುತ್ತಿಯ ಕಾಲ. ಅಡಿಗೆಮನೆ ಒಂದೇ, ಆದರೆ ಪ್ರತಿಯೊಬ್ಬನೂ ತನ್ನ ಪಾಲನ್ನು ಕಟ್ಟಿಕೊಂಡೇ ಹೋಗಬೇಕು.

ಛತ್ರದ ಯೋಚನೆ ಬಂದುದು ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸತೊಡಗಿದ ಮೇಲೆ. ೧೯೬೦ರ ದಶಕದ ನಡುವಿನಲ್ಲಿ ಎಂ.ಐ.ಟಿ., ಬೆಲ್ ಪ್ರಯೋಗಾಲಯ, ಜನರಲ್ ಎಲೆಕ್ಟ್ರಿಕ್ ಈ ಮೂರೂ ಸೇರಿ ‘ಮಲ್ಟಿಕ್ಸ್’ ಎಂಬ ಭಾರಿ ವ್ಯವಸ್ಥೆಯನ್ನು ಕೈಗೆತ್ತಿಕೊಂಡುವು. ಊರಿಗೆಲ್ಲ ವಿದ್ಯುಚ್ಛಕ್ತಿ ಬರುವಂತೆ ಊರಿಗೆಲ್ಲ ಲೆಕ್ಕದ ಶಕ್ತಿ ಬರಬೇಕೆಂಬುದು ಅವರ ಕನಸು. ಆಗ ಯಂತ್ರದ ನೆನಪೆಂದರೆ ಚಿನ್ನದ ಬೆಲೆ. ಮೂವತ್ತು ಜನ ಏಕಕಾಲಕ್ಕೆ ಒಂದೇ ವರ್ಗಮೂಲದ ತುಂಡನ್ನು ಬಳಸುತ್ತಿದ್ದರೆ ಅದರ ಮೂವತ್ತು ಪ್ರತಿಗಳು ಆ ಚಿನ್ನದ ಜಾಗದಲ್ಲಿ ಕೂತಿರುವುದೇಕೆ? ಒಂದೇ ಪ್ರತಿ ಇರಲಿ, ಎಲ್ಲರೂ ಅದನ್ನೇ ನೋಡಲಿ.

ಅವರು ಮಾಡಿದ ಏರ್ಪಾಟು ಸೊಗಸಾಗಿತ್ತು. ಪ್ರೋಗ್ರಾಮಿನಲ್ಲಿ ತುಂಡಿನ ವಿಳಾಸವಿರುವುದಿಲ್ಲ, ಹೆಸರಷ್ಟೇ ಇರುತ್ತದೆ. ಪ್ರೋಗ್ರಾಮು ಓಡುತ್ತ ಆ ಹೆಸರನ್ನು ಮೊದಲ ಸಲ ಮುಟ್ಟಿದೊಡನೆ ಯಂತ್ರ ಎಡವಿದಂತೆ ನಿಲ್ಲುತ್ತದೆ. ಜೋಡಣೆಗಾರ ಪ್ರೋಗ್ರಾಮು ಓಡಿಬಂದು, ಆ ಹೆಸರಿನವನು ಎಲ್ಲಿದ್ದಾನೆಂದು ಹುಡುಕಿ, ಹೆಸರಿನ ಜಾಗದಲ್ಲಿ ನಿಜವಾದ ವಿಳಾಸವನ್ನು ಬರೆದು, ಮತ್ತೆ ಓಡಲು ಬಿಡುತ್ತದೆ. ಎರಡನೆಯ ಸಲ ಎಡವುವುದಿಲ್ಲ. ಒಮ್ಮೆಯೂ ಮುಟ್ಟದ ಹೆಸರನ್ನು ಹುಡುಕುವ ತೊಂದರೆಯೇ ಇಲ್ಲ. ರಾಬರ್ಟ್ ಡೇಲಿ ಮತ್ತು ಜ್ಯಾಕ್ ಡೆನಿಸ್ ಇದನ್ನೆಲ್ಲ ವಿವರಿಸಿ ೧೯೬೮ರಲ್ಲಿ ಬರೆದ ಪ್ರಬಂಧ ಈ ಶಾಸ್ತ್ರದ ಮೂಲಗ್ರಂಥಗಳಲ್ಲೊಂದು.

ಆದರೆ ಛತ್ರ ಕಟ್ಟಿದ ಕೆಲವೇ ವರ್ಷಗಳಲ್ಲಿ ಅಡಿಗೆಯವನ ಮೇಲೆ ಅನುಮಾನ ಹುಟ್ಟಿತು. ಮಲ್ಟಿಕ್ಸ್‌ನಲ್ಲಿ ಆ ಜೋಡಣೆಗಾರನಿಗೆ ಅರಮನೆಯ ಅಂತಃಪುರದ ತನಕ ಪ್ರವೇಶವಿತ್ತು, ಎಂದರೆ ವ್ಯವಸ್ಥೆಯ ಅತ್ಯಂತ ಒಳಗಿನ, ಎಲ್ಲ ಅಧಿಕಾರವೂ ಇರುವ ಭಾಗದಲ್ಲಿ ಅದು ಕೆಲಸ ಮಾಡುತ್ತಿತ್ತು. ಅದು ಓದಬೇಕಾದುದೋ ಯಾರೋ ಹೊರಗಿನ ಬಳಕೆದಾರ ಬರೆದುಕೊಟ್ಟ ಚೀಟಿಗಳನ್ನು! ಕೆಟ್ಟ ಚೀಟಿಯೊಂದನ್ನು ಕೊಟ್ಟು ಜೋಡಣೆಗಾರನನ್ನು ದಾರಿ ತಪ್ಪಿಸಿದರೆ ಅರಮನೆಗೇ ಅಪಾಯ. ಫಿಲಿಪ್ ಜಾನ್ಸನ್ ಎಂಬವರು ಎಂ.ಐ.ಟಿ.ಯಲ್ಲಿ ೧೯೭೪ರಲ್ಲಿ ಸಲ್ಲಿಸಿದ ಪ್ರಬಂಧದ ವಿಷಯವೇ ಇದು: ಜೋಡಣೆಗಾರನನ್ನು ಅಂತಃಪುರದಿಂದ ಹೊರಕ್ಕೆ ಕಳುಹಿಸುವ ಬಗೆ. ಈ ಸಂಗತಿಯನ್ನು ನಾನು ಬೇಕೆಂದೇ ಇಲ್ಲಿ ಹೇಳುತ್ತಿದ್ದೇನೆ. ಐವತ್ತು ವರ್ಷಗಳ ಬಳಿಕ ಅದೇ ಅನುಮಾನ ಮತ್ತೆ ನಮ್ಮ ಬಾಗಿಲಿಗೆ ಬಂತು.

ಬೆಲ್ ಪ್ರಯೋಗಾಲಯ ೧೯೬೯ರಲ್ಲಿ ಮಲ್ಟಿಕ್ಸ್‌ನಿಂದ ಕೈತೊಳೆದುಕೊಂಡಿತು. ಅಲ್ಲಿದ್ದ ಕೆನ್ ಟಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯಾರಿಗೂ ಬೇಡವಾಗಿದ್ದ ಚಿಕ್ಕ ಯಂತ್ರವೊಂದರಲ್ಲಿ ಯೂನಿಕ್ಸ್ ಎಂಬ ಚಿಕ್ಕ ವ್ಯವಸ್ಥೆಯನ್ನು ಕಟ್ಟಿದರು. ಅದರಲ್ಲಿ ಛತ್ರವಿರಲಿಲ್ಲ. ಪ್ರೋಗ್ರಾಮುಗಳೇ ಪುಟ್ಟವು, ಬೇಕಾದ ತುಂಡುಗಳಷ್ಟನ್ನು ಆರಿಸಿ ಒಳಗೆ ಕಟ್ಟಿಬಿಟ್ಟರೆ ಆಯಿತು. ಸುಮಾರು ಹದಿನೈದು ವರ್ಷ ಯೂನಿಕ್ಸಿನ ಜನ ಬುತ್ತಿಯಲ್ಲೇ ಸುಖವಾಗಿದ್ದರು. ಅವರ ಸುಖಕ್ಕೆ ಕಲ್ಲು ಬಿದ್ದದ್ದು ಪರದೆಯ ಮೇಲೆ ಕಿಟಕಿ, ಗುಂಡಿ, ಚಿತ್ರಗಳು ಕಾಣಿಸಿಕೊಂಡಾಗ. ಒಂದು ಪುಟ್ಟ ಗಡಿಯಾರದ ಪ್ರೋಗ್ರಾಮು ಕೂಡ ಕಿಟಕಿ ಬಿಡಿಸುವ ವಿದ್ಯೆಯನ್ನೆಲ್ಲ ಹೊತ್ತುಕೊಂಡು ಬರಬೇಕಾಯಿತು. ಗುಬ್ಬಚ್ಚಿಯ ಹೆಗಲಿಗೆ ಆನೆಯ ಬುತ್ತಿ.

ಛತ್ರ ಮರಳಿ ಬಂತು. ಸನ್ ಕಂಪನಿಯ ರಾಬರ್ಟ್ ಜಿಂಜೆಲ್ ಮತ್ತು ಜೊತೆಗಾರರು ೧೯೮೭ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ೧೯೮೮ರ ಸನ್ ಓಎಸ್ ೪ರಲ್ಲಿ ಅದು ಬಳಕೆಗೆ ಬಂತು. ಲಿನಕ್ಸ್ ಮೊದಲಿಗೆ ಬೇರೆ ದಾರಿ ಹಿಡಿದಿತ್ತು. ಹೊಸ ಬಡಾವಣೆಯಲ್ಲಿ ನಿವೇಶನ ಹಂಚುವಂತೆ ಪ್ರತಿ ಲೈಬ್ರರಿಗೂ ನೆನಪಿನಲ್ಲಿ ಖಾಯಂ ವಿಳಾಸ ಗೊತ್ತುಮಾಡಬೇಕಾಗಿತ್ತು. ಲೈಬ್ರರಿ ಬೆಳೆದು ಪಕ್ಕದ ನಿವೇಶನಕ್ಕೆ ಚಾಚಿದರೆ ತಕರಾರು. ೧೯೯೫ರ ಸುಮಾರಿಗೆ ಲಿನಕ್ಸಿನವರು ಆ ಪದ್ಧತಿಯನ್ನು ಬಿಟ್ಟು, ಎಲ್ಲಿ ಇಟ್ಟರೂ ನಡೆಯುವ ‘ಎಲ್ಫ್’ ರೂಪಕ್ಕೆ ಬಂದರು. ಅದೇ ಇಂದಿಗೂ ಇದೆ.

ಟಾಂಪ್ಸನ್ ಮಾತ್ರ ಒಪ್ಪಲಿಲ್ಲ. ಯೂನಿಕ್ಸಿನ ಬಳಿಕ ಅವರೂ ರಾಬ್ ಪೈಕ್ ಮುಂತಾದವರೂ ಸೇರಿ ಬೆಲ್ ಪ್ರಯೋಗಾಲಯದಲ್ಲಿ ಕಟ್ಟಿದ ‘ಪ್ಲಾನ್ ೯’ ವ್ಯವಸ್ಥೆಯಲ್ಲಿ ಹಂಚಿಕೆಯ ಲೈಬ್ರರಿ ಇರಲೇ ಇಲ್ಲ. ೨೦೦೯ರಲ್ಲಿ ಇವರಿಬ್ಬರೂ ರಾಬರ್ಟ್ ಗ್ರೀಸೆಮರ್ ಅವರೊಡನೆ ಗೂಗಲ್‌ನಲ್ಲಿ ‘ಗೋ’ ಎಂಬ ಭಾಷೆಯನ್ನು ಹೊರತಂದಾಗಲೂ ಅದರ ಪ್ರೋಗ್ರಾಮುಗಳು ಸಾಮಾನ್ಯವಾಗಿ ತಮ್ಮ ಬುತ್ತಿಯನ್ನು ತಾವೇ ಹೊತ್ತು ಬರುತ್ತಿದ್ದುವು. ನಲವತ್ತು ವರ್ಷ ಒಂದೇ ಹಟ! ಆದರೆ ಆ ಹಟಕ್ಕೆ ಕಾರಣವಿಲ್ಲದೆ ಇರಲಿಲ್ಲ.

ಕಾರಣವನ್ನು ಚೆನ್ನಾಗಿ ಅನುಭವಿಸಿದವರು ವಿಂಡೋಸ್ ಬಳಸುತ್ತಿದ್ದ ಜನ. ೧೯೮೫ರ ಮೊದಲ ವಿಂಡೋಸ್‌ನಿಂದಲೂ ಅದರಲ್ಲಿ ಹಂಚಿಕೆಯ ಲೈಬ್ರರಿಗಳುಂಟು, ಡಿ.ಎಲ್.ಎಲ್. ಎಂದು ಅವುಗಳ ಹೆಸರು. ಹೊಸ ಪ್ರೋಗ್ರಾಮನ್ನು ಯಂತ್ರಕ್ಕೆ ಸೇರಿಸುವಾಗ ಅದು ತನಗೆ ಬೇಕಾದ ಡಿ.ಎಲ್.ಎಲ್. ಅನ್ನು ತಂದು ಸಾಮಾನ್ಯ ಜಾಗದಲ್ಲಿಟ್ಟು ಅಲ್ಲಿದ್ದುದನ್ನು ಅಳಿಸಿಬಿಡುತ್ತಿತ್ತು. ಹಳೆಯದನ್ನು ನಂಬಿದ್ದ ಇನ್ನೊಂದು ಪ್ರೋಗ್ರಾಮು ಮರುದಿನ ಮಲಗಿಕೊಳ್ಳುತ್ತಿತ್ತು. ಇದಕ್ಕೆ ‘ಡಿ.ಎಲ್.ಎಲ್. ನರಕ’ ಎಂದೇ ಹೆಸರಾಯಿತು. ಮೈಸೋರ್‌ಪಾಕು ಮಾಡಲು ಬಂದವನು ಛತ್ರದ ಉಪ್ಪಿನ ಡಬ್ಬಿಯಲ್ಲಿ ಸಕ್ಕರೆ ತುಂಬಿ ಹೋದಂತೆ. ವಿಂಡೋಸ್ ೨೦೦೦ದಲ್ಲಿ ಮುಖ್ಯ ಫೈಲುಗಳಿಗೆ ಕಾವಲಿಟ್ಟರು. ೨೦೦೧ರ ಎಕ್ಸ್‌ಪಿಯಲ್ಲಿ ಒಂದೇ ಲೈಬ್ರರಿಯ ಹಲವು ಆವೃತ್ತಿಗಳು ಅಕ್ಕಪಕ್ಕದಲ್ಲಿ ಬಾಳುವಂತೆ ಏರ್ಪಾಟು ಮಾಡಿದರು. ಒಂದೇ ಅಡಿಗೆಮನೆಯಲ್ಲಿ ಹಲವು ಒಲೆಗಳು. ಛತ್ರದ ಉಳಿತಾಯ ಅಷ್ಟರಮಟ್ಟಿಗೆ ಹೋಯಿತು.

ಇಷ್ಟು ಓದಿದವರು ಬುತ್ತಿಯವರೇ ಬುದ್ಧಿವಂತರು ಎನ್ನಬಹುದು. ನಾನೂ ಕೆಲಕಾಲ ಹಾಗೆಯೇ ಎಂದುಕೊಂಡಿದ್ದೆ. ೨೦೦೨ರ ಮಾರ್ಚಿಯಲ್ಲಿ ನಡೆದ ಸಂಗತಿ ತಿಳಿದಮೇಲೆ ಅಭಿಪ್ರಾಯ ಬದಲಾಯಿಸಿಕೊಂಡೆ.

ಜಾನ್–ಲೂ ಗಾಯಿ ಮತ್ತು ಮಾರ್ಕ್ ಆಡ್ಲರ್ ಬರೆದ ‘ಝಡ್‌ಲಿಬ್’ ಎಂಬ ಪುಟ್ಟ ಲೈಬ್ರರಿಯೊಂದಿದೆ. ಫೈಲುಗಳನ್ನು ಕುಗ್ಗಿಸಿ ಹಿಗ್ಗಿಸುವುದು ಅದರ ಕೆಲಸ. ಒಳ್ಳೆಯ ಕೆಲಸಗಾರ, ಯಾರು ಬೇಕಾದರೂ ಕರೆದೊಯ್ಯಬಹುದು. ಆದುದರಿಂದ ಅದು ಹೋಗದ ಮನೆಯಿಲ್ಲ. ಆ ತಿಂಗಳು ಅದರಲ್ಲೊಂದು ದೋಷ ಬಯಲಾಯಿತು. ಒಮ್ಮೆ ಬಿಟ್ಟುಕೊಟ್ಟ ನೆನಪಿನ ಜಾಗವನ್ನು ಅದು ಎರಡನೆಯ ಸಲವೂ ಬಿಟ್ಟುಕೊಡುತ್ತಿತ್ತು. ದುಷ್ಟನೊಬ್ಬ ಬೇಕೆಂದೇ ಕೆಡಿಸಿದ ಫೈಲನ್ನು ಕೊಟ್ಟು ಇದರಿಂದ ಯಂತ್ರದೊಳಕ್ಕೆ ನುಗ್ಗುವ ಸಂಭವವಿತ್ತು. ತಿದ್ದುಪಡಿ ಬೇಗನೆ ಬಂತು. ಹಂಚಿಕೆಯ ಪ್ರತಿಯನ್ನು ಬಳಸುತ್ತಿದ್ದ ಪ್ರೋಗ್ರಾಮುಗಳಿಗೆಲ್ಲ ಒಂದು ಫೈಲನ್ನು ಬದಲಾಯಿಸಿದೊಡನೆ ಗುಣವಾಯಿತು. ಆದರೆ ಎಷ್ಟೋ ಪ್ರೋಗ್ರಾಮುಗಳು ಝಡ್‌ಲಿಬ್ಬನ್ನು ತಮ್ಮ ಬುತ್ತಿಯಲ್ಲಿ ಕಟ್ಟಿಕೊಂಡುಬಿಟ್ಟಿದ್ದುವು. ಲಿನಕ್ಸಿನ ತಿರುಳಿನಲ್ಲೇ ಒಂದು ಪ್ರತಿಯಿತ್ತು. ಯಾರ ಯಾರ ಗಂಟಿನಲ್ಲಿದೆ ಎಂದು ತಿಳಿಯುವುದು ಹೇಗೆ?

ಲೇಖಕರ ಒಂದು ಸಣ್ಣ ಅಭಿಮಾನ ಇಲ್ಲಿ ನೆರವಿಗೆ ಬಂತು. ನಮ್ಮ ಹೆಸರನ್ನು ನಿಮ್ಮ ಕೈಪಿಡಿಯಲ್ಲಿ ಸ್ಮರಿಸಲಾಗದಿದ್ದರೆ ಪ್ರೋಗ್ರಾಮಿನ ಒಳಗೆ ಇರುವ ಹಕ್ಕುಸ್ವಾಮ್ಯದ ಸಾಲನ್ನಾದರೂ ಉಳಿಸಿಕೊಳ್ಳಿ ಎಂದು ಅವರು ಮೂಲದಲ್ಲಿ ಕೇಳಿಕೊಂಡಿದ್ದರು. ಆ ಸಾಲು ಯಂತ್ರದ ಭಾಷೆಯ ಕಾಡಿನೊಳಗೂ ಅಳಿಯದೆ ಉಳಿಯುತ್ತಿತ್ತು. ಅದನ್ನು ಹುಡುಕಿದರೆ ಝಡ್‌ಲಿಬ್ಬೂ ಸಿಕ್ಕುತ್ತಿತ್ತು, ಅದರ ಆವೃತ್ತಿಯೂ ತಿಳಿಯುತ್ತಿತ್ತು. ಪಾತ್ರೆಗೆ ಕೊರೆಸಿದ ಹೆಸರಿನಿಂದ ಕಳೆದುಹೋದ ಪಾತ್ರೆ ಪತ್ತೆಯಾದಂತೆ.

ಇಲ್ಲಿಂದಾಚೆಗೆ ವಾದದ ಸ್ವರೂಪವೇ ಬದಲಾಯಿತೆಂದು ನನಗೆ ತೋರುತ್ತದೆ. ಜಾಗ ಉಳಿಸುವ ಮಾತು ಹಳತಾಯಿತು, ಜಾಗ ಅಗ್ಗವಾಯಿತು. ತಪ್ಪಾದಾಗ ತಿದ್ದುವವನು ಯಾರು, ಅವನ ಕೈ ಎಷ್ಟು ಮನೆಗಳನ್ನು ಮುಟ್ಟುತ್ತದೆ ಎಂಬುದೇ ಈಗ ಪ್ರಶ್ನೆ. ೨೦೧೪ರ ಏಪ್ರಿಲ್ ೭ರಂದು ‘ಓಪನ್ ಎಸ್‌ಎಸ್‌ಎಲ್’ ಎಂಬ ಗುಪ್ತಲಿಪಿಯ ಲೈಬ್ರರಿಯಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ತೂತು ಬಯಲಾದಾಗಲೂ ಹಂಚಿಕೆಯ ಪ್ರತಿಯನ್ನು ಬದಲಾಯಿಸಿ, ಅದನ್ನು ಬಳಸುತ್ತಿದ್ದ ಪ್ರೋಗ್ರಾಮುಗಳನ್ನು ನಿಲ್ಲಿಸಿ ಮತ್ತೆ ಓಡಿಸಿದವರಿಗೆ ಆ ತೂತು ಮುಚ್ಚಿತು. ಗಂಟು ಕಟ್ಟಿಕೊಂಡಿದ್ದವರು ಒಂದೊಂದು ಗಂಟನ್ನೂ ಬಿಚ್ಚಿ ನೋಡಬೇಕಾಯಿತು. ತಮಾಷೆಯೆಂದರೆ, ಆ ತೂತು ಬಂದುದು ೨೦೧೨ರ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯದನ್ನು ಸೋಮಾರಿತನದಿಂದ ಹಾಗೆಯೇ ಇಟ್ಟುಕೊಂಡಿದ್ದವರಿಗೆ ಏನೂ ಆಗಲಿಲ್ಲ!

ಒಂದು ಕೈ ಎಲ್ಲ ಮನೆಗಳನ್ನೂ ತಿದ್ದಬಲ್ಲದಾದರೆ ಅದೇ ಕೈ ಎಲ್ಲ ಮನೆಗಳನ್ನೂ ಕೆಡಿಸಲೂ ಬಲ್ಲದಷ್ಟೆ. ಕೆಡಿಸುವ ಮನಸ್ಸಿಲ್ಲದೆಯೂ ಕೆಡಿಸಿದ ಒಂದು ಪ್ರಸಂಗ ೨೦೧೦ರಲ್ಲಿ ನಡೆಯಿತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಲಿನಕ್ಸಿನ ಮೂಲ ಲೈಬ್ರರಿ ‘ಜಿ–ಲಿಬ್‌ಸಿ’. ಅದರಲ್ಲಿ ನೆನಪಿನ ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡುವ ‘ಮೆಮ್‌ಕಾಪಿ’ ಎಂಬ ತುಂಡಿದೆ. ಮೂಲದ ಜಾಗ, ನಕಲಿನ ಜಾಗ ಒಂದರ ಮೇಲೊಂದು ಬೀಳಬಾರದು, ಬೀಳುವಂತಿದ್ದರೆ ‘ಮೆಮ್‌ಮೂವ್’ ಎಂಬ ಬೇರೆ ತುಂಡನ್ನು ಬಳಸಿ ಎಂಬುದು ಶಾಸ್ತ್ರದ ನಿಯಮ. ಆದರೆ ಮೆಮ್‌ಕಾಪಿ ಬಹುಕಾಲದಿಂದ ಮೊದಲಿನಿಂದ ಕೊನೆಗೆ ನಕಲು ಮಾಡುತ್ತ ಬಂದಿದ್ದುದರಿಂದ, ಜಾಗಗಳು ಕೊಂಚ ಒಂದರಮೇಲೊಂದು ಬಿದ್ದರೂ ಅನೇಕ ಸಲ ಏನೂ ಆಗುತ್ತಿರಲಿಲ್ಲ. ನಿಯಮ ಮುರಿದವನಿಗೆ ಮುರಿದದ್ದೇ ತಿಳಿಯುತ್ತಿರಲಿಲ್ಲ. ಆ ವರ್ಷ ಹೊಸ ಇಂಟೆಲ್ ಯಂತ್ರಗಳಲ್ಲಿ ವೇಗವಾಗಲೆಂದು ಜಿ–ಲಿಬ್‌ಸಿಯವರು ಕೆಲವೆಡೆ ಕೊನೆಯಿಂದ ಮೊದಲಿಗೆ ನಕಲು ಮಾಡುವ ರೀತಿಯನ್ನು ತಂದರು. ಫೆಡೋರಾ ೧೪ರಲ್ಲಿ ಅದು ಜನರ ಕೈಸೇರಿದಾಗ, ಫ್ಲ್ಯಾಶ್ ಪ್ಲೇಯರಿನಲ್ಲಿ ಹಾಡು ಕೇಳುತ್ತಿದ್ದವರಿಗೆ ಹಾಡಿನ ಬದಲು ಕರಕರ ಸದ್ದು ಕೇಳಿಸಿತು.

ಜಗಳ ಹತ್ತಿತು. ತಪ್ಪು ಫ್ಲ್ಯಾಶಿನದು, ನಿಯಮ ಮುರಿದದ್ದು ಅದು, ನಾವೇಕೆ ಬದಲಾಗಬೇಕು ಎಂದರು ಒಂದು ಕಡೆಯವರು. ಲಿನಕ್ಸಿನ ಕರ್ತೃ ಲೀನಸ್ ಟೊರ್ವಾಲ್ಡ್ಸ್ ಇನ್ನೊಂದು ಕಡೆ ನಿಂತರು. ನಿನ್ನೆಯ ತನಕ ಹಾಡು ಕೇಳುತ್ತಿದ್ದವನಿಗೆ ಇಂದು ಕೇಳದಂತೆ ಮಾಡಿ, ಶಾಸ್ತ್ರದ ಪುಟ ತೆರೆದು ತೋರಿಸುವುದರಿಂದ ಏನು ಬಂತು ಎಂಬುದು ಅವರ ವಾದದ ಸಾರ. ನನಗೆ ಇದನ್ನು ಓದುವಾಗ ಎರಡು ಕಡೆಯವರೂ ಸರಿಯೆಂದೇ ತೋರಿತು. ಅಂಥ ಜಗಳಗಳೇ ಬಹುಕಾಲ ನಡೆಯುವುದು. ಕೊನೆಗೆ ೨೦೧೧ರ ಆವೃತ್ತಿ ೨.೧೪ರಲ್ಲಿ ಒಂದು ಜಾಣ ಪರಿಹಾರ ಕಂಡುಕೊಂಡರು. ಮೆಮ್‌ಕಾಪಿ ಎಂಬ ಹೆಸರಿಗೆ ಆವೃತ್ತಿಯ ಗುರುತು ಅಂಟಿಸಿ, ಹಳೆಯ ಕಾಲದಲ್ಲಿ ಕಟ್ಟಿದ ಪ್ರೋಗ್ರಾಮು ಕೇಳಿದರೆ ಹಳೆಯ ನಡವಳಿಕೆ, ಹೊಸದು ಕೇಳಿದರೆ ಹೊಸದು ಎಂದು ಗೊತ್ತುಮಾಡಿದರು. ಛತ್ರದ ಅಡಿಗೆಯವನು ಯಾತ್ರಿಕನ ಮುಖ ನೋಡಿ ಕಾರ ಹಾಕಬೇಕು.

ಮೆಮ್‌ಕಾಪಿಯ ಹಲವು ರೀತಿಗಳಲ್ಲಿ ಈ ಯಂತ್ರಕ್ಕೆ ಯಾವುದು ತಕ್ಕದ್ದೆಂದು ಆರಿಸುವುದಕ್ಕೆ ಜೋಡಣೆಗಾರನಿಗೆ ಆಗ ಹೊಸದಾಗಿ ಒಂದು ಅನುಕೂಲ ಒದಗಿಸಿದ್ದರು. ಜೋಡಣೆ ನಡೆಯುತ್ತಿರುವಾಗಲೇ ಲೈಬ್ರರಿಯೊಳಗಿನ ಒಂದು ಪುಟ್ಟ ತುಂಡನ್ನು ಓಡಿಸಿ, ಅದು ತೋರಿಸಿದ ಕಡೆಗೆ ಕೊಂಡಿ ಹಾಕುವುದು. ‘ಐಫಂಕ್’ ಎಂದು ಅದರ ಹೆಸರು. ಪ್ರೋಗ್ರಾಮು ಇನ್ನೂ ಕಣ್ಣುಬಿಡುವ ಮೊದಲೇ, ಅದು ಕರೆಯದ ಲೈಬ್ರರಿಯದಾದರೂ, ಆ ಪುಟ್ಟ ತುಂಡು ಓಡಿಬಿಡುತ್ತದೆ.

೨೦೨೪ರ ಮಾರ್ಚ್ ೨೯ರಂದು ಪೋಸ್ಟ್‌ಗ್ರೆಸ್ ತಂತ್ರಾಂಶದ ಕೆಲಸಗಾರರಲ್ಲೊಬ್ಬರಾದ ಆಂಡ್ರೆಸ್ ಫ್ರಾಯ್ಂಡ್ ಒಂದು ಪ್ರಕಟಣೆ ಹೊರಡಿಸಿದರು. ದೂರದ ಯಂತ್ರಗಳಿಗೆ ಗುಟ್ಟಾಗಿ ಪ್ರವೇಶ ಪಡೆಯಲು ಲೋಕವೆಲ್ಲ ಬಳಸುವ ಎಸ್‌ಎಸ್‌ಎಚ್ ಎಂಬ ಬಾಗಿಲು ಅವರ ಯಂತ್ರದಲ್ಲಿ ತೆರೆಯಲು ಅರ್ಧ ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತಿತ್ತು. ಅರ್ಧ ಸೆಕೆಂಡು! ನಾವಾಗಿದ್ದರೆ ಕಾಫಿ ಕುಡಿದು ಮರೆಯುತ್ತಿದ್ದೆವು. ಅವರು ಕೆದಕಿದರು. ಕಳ್ಳ ಸಿಕ್ಕಿದ್ದು ‘ಎಕ್ಸ್‌ಝಡ್’ ಎಂಬ, ಫೈಲು ಕುಗ್ಗಿಸುವ ಇನ್ನೊಂದು ಪುಟ್ಟ ಲೈಬ್ರರಿಯಲ್ಲಿ. ಅದರ ೫.೬.೦ ಮತ್ತು ೫.೬.೧ ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಕೊರೆದಿದ್ದರು.

ಎಸ್‌ಎಸ್‌ಎಚ್ ಬಾಗಿಲಿಗೂ ಎಕ್ಸ್‌ಝಡ್‌ಗೂ ಏನು ಸಂಬಂಧ? ಮೂಲ ಎಸ್‌ಎಸ್‌ಎಚ್ ಅದನ್ನು ಬಳಸುವುದೇ ಇಲ್ಲ. ಡೆಬಿಯನ್, ಫೆಡೋರಾ ಮುಂತಾದವರು ಎಸ್‌ಎಸ್‌ಎಚ್ ಎದ್ದಿತೆಂಬ ಸುದ್ದಿಯನ್ನು ವ್ಯವಸ್ಥೆಗೆ ಮುಟ್ಟಿಸಲೆಂದು ‘ಸಿಸ್ಟಮ್‌ಡಿ’ಯ ಲೈಬ್ರರಿಯೊಂದನ್ನು ಅದಕ್ಕೆ ಜೋಡಿಸಿದ್ದರು. ಆ ಲೈಬ್ರರಿ ಬೇರಾವುದೋ ಕೆಲಸಕ್ಕೆಂದು ಎಕ್ಸ್‌ಝಡ್ ಅನ್ನು ಜೋಡಿಸಿಕೊಂಡಿತ್ತು. ನೆಂಟನ ನೆಂಟ ಹೀಗೆ ಮನೆಯೊಳಗೆ ಬಂದ. ಬಂದವನು ಐಫಂಕ್ ಎಂಬ ಆ ಅನುಕೂಲವನ್ನು ಹಿಡಿದು, ಜೋಡಣೆಯ ಗಳಿಗೆಯಲ್ಲೇ ಎದ್ದು, ಬೀಗದ ಕೈ ಪರೀಕ್ಷಿಸುವವನ ಜಾಗದಲ್ಲಿ ತಾನು ಕೂತುಬಿಡುತ್ತಿದ್ದ. ೧೯೭೪ರಲ್ಲಿ ಜಾನ್ಸನ್ ಅವರು ಅನುಮಾನಪಟ್ಟ ಜಾಗ ಇದೇ ಅಲ್ಲದಿದ್ದರೂ ಇದರ ನೆರೆಮನೆ.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಯಂತ್ರದ ಭಾಗವಲ್ಲ. ಎಕ್ಸ್‌ಝಡ್ ಅನ್ನು ಎಷ್ಟೋ ವರ್ಷಗಳಿಂದ ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಸಂಬಳವಿಲ್ಲದೆ, ದಣಿದು. ‘ಜಿಯಾ ತಾನ್’ ಎಂಬ ಹೆಸರಿನ ಯಾರೋ ೨೦೨೧ರಿಂದ ಸಣ್ಣಪುಟ್ಟ ತಿದ್ದುಪಡಿಗಳನ್ನು ಕಳುಹಿಸುತ್ತ ನೆರವಾದರು. ಕೆಲಸ ಬೇಗ ಆಗುತ್ತಿಲ್ಲ, ಇನ್ನೊಬ್ಬರಿಗೆ ವಹಿಸಿ ಎಂದು ಬೇರೆ ಹೆಸರುಗಳಿಂದ ಆ ಒಬ್ಬರ ಮೇಲೆ ಒತ್ತಾಯವೂ ಬಂತು. ಅವರು ಬೀಗದ ಕೈ ಕೊಟ್ಟರು. ಛತ್ರದ ಉಗ್ರಾಣ ನೋಡಿಕೊಳ್ಳುವ ಮುದುಕನಿಗೆ ಊಟ ಹಾಕಿದವರಿಲ್ಲ, ಊಟ ಉಂಡವರು ಮಾತ್ರ ಲಕ್ಷ. ನನ್ನನ್ನು ಕೇಳಿದರೆ, ಎಲ್ಲರೂ ಒರಗುವ ನಾಲ್ಕಾರು ಲೈಬ್ರರಿಗಳು ಛತ್ರದಲ್ಲೇ ಇರಲಿ, ಆದರೆ ಅವನ್ನು ಕಾಯುವವರಿಗೆ ಸಂಬಳವಿರಲಿ, ಜೊತೆಗಾರರಿರಲಿ. ಅಲ್ಪಸ್ವಲ್ಪಕ್ಕೆ ಬೇಕಾದುದನ್ನು ಬುತ್ತಿ ಕಟ್ಟಿಕೊಳ್ಳುವುದೇ ಮೇಲು ಎನ್ನುತ್ತೇನೆ. ಅಕ್ಕನ ಮಗ ಇದನ್ನು ಒಪ್ಪುವುದಿಲ್ಲ. ಕಟ್ಟಿದ ಬುತ್ತಿಯಲ್ಲಿ ಏನೇನಿದೆ ಎಂದು ಚೀಟಿ ಬರೆದು ಅಂಟಿಸಿದರೆ ಸಾಕು ಎಂಬುದು ಅವನ ಪಕ್ಷ.

ನಮ್ಮ ಒತ್ತಕ್ಷರಗಳ ವಿಚಾರ ಹೇಳಿಬಿಡುತ್ತೇನೆ. ಈಗ ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಫೋನು, ಲಿಬ್ರೆ ಆಫೀಸು ಇವೆಲ್ಲ ಕನ್ನಡ ಅಕ್ಷರ ಕೂಡಿಸುವುದಕ್ಕೆ ‘ಹಾರ್ಫ್‌ಬಜ್’ ಎಂಬ ಒಂದೇ ಲೈಬ್ರರಿಯನ್ನು ನೆಚ್ಚಿವೆ. ಕೆಲವು ಅದನ್ನು ವ್ಯವಸ್ಥೆಯ ಛತ್ರದಲ್ಲಿ ಕೇಳಿ ಪಡೆಯುತ್ತವೆ, ಕೆಲವು ತಮ್ಮ ಗಂಟಿನಲ್ಲಿ ತರುತ್ತವೆ. ಅಡಿಗೆ ಒಂದೇ ಆದುದರಿಂದ ‘ಪುಸ್ತಕ’ ಎರಡು ಕಡೆಯೂ ನೆಟ್ಟಗೆ ಕಾಣುತ್ತದೆ.

ಎಕ್ಸ್‌ಝಡ್‌ನ ವಿಷ ಡೆಬಿಯನ್ ಬಳಸುವ ಬಹುಮಂದಿಗೆ ತಟ್ಟಲಿಲ್ಲ; ಪರೀಕ್ಷೆಗೆಂದು ಇಟ್ಟಿದ್ದ ಆವೃತ್ತಿಗಳಲ್ಲಿ ಮಾತ್ರ ಅದು ಸೇರಿತ್ತು. ಡೆಬಿಯನ್‌ನವರು ತಡಮಾಡದೆ ಹಳೆಯ ೫.೪.೫ನ್ನು ಮರಳಿ ತಂದರು. ಆದರೆ ಹಳೆಯ ಸಂಖ್ಯೆಯನ್ನು ಕೊಟ್ಟರೆ ಯಂತ್ರಗಳು ಅದನ್ನು ಹೊಸದೆಂದು ಒಪ್ಪಿ ಸೇರಿಸಿಕೊಳ್ಳುವುದಿಲ್ಲ. ಆದುದರಿಂದ ಹೊರಗೆ ಹೊಸ ಸಂಖ್ಯೆಯನ್ನೇ ಉಳಿಸಿ, ಒಳಗಿರುವುದನ್ನು ಅದರ ಮುಂದೆ ಬರೆದು ಲೋಕಕ್ಕೆ ಕಳುಹಿಸಿಕೊಟ್ಟರು. ಆ ಫೈಲಿನ ಹೆಸರಿನಲ್ಲಿ ಹೀಗಿತ್ತು: ೫.೬.೧, ರಿಯಲಿ ೫.೪.೫.